ಪಟಾಲಮ್ಮನ ದೂರು

ಹಲಸೂರಿನ ಬಜಾರು ಬೀದಿಯ ಹಿಂದಿನ ಓಣಿಯಲ್ಲಿ ಪಟಾಲಮ್ಮನ ಬಾಯಿಗೆ ಹೆದರದವರಿರಲಿಲ್ಲ. ಬಾಡಿಗೆಯವರು ಅಂಗಳದಲ್ಲಿ ನೀರು ಚೆಲ್ಲಿದರೂ ಬೈಗುಳ, ಚೆಲ್ಲದೆ ಕೊಳೆ ಬಿಟ್ಟರೂ ಬೈಗುಳ. ಬೈದದ್ದನ್ನು ಹಿಂದಕ್ಕೆ ತೆಗೆದುಕೊಂಡ ಉದಾಹರಣೆ ಒಂದೂ ಇಲ್ಲ. ಅವಳು ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವವಳಲ್ಲ ಎಂದು ಗಂಡ ಬೈಲಪ್ಪ ಎಲ್ಲರಿಗೂ ಸಮಾಧಾನ ಹೇಳುತ್ತಿದ್ದ. ಅದು ನಿಜವೇ. ಮನಸ್ಸಿನಲ್ಲಿ ಏನೂ ಇಡುತ್ತಿರಲಿಲ್ಲ, ಎಲ್ಲವನ್ನೂ ತಂದು ಓಣಿಯಲ್ಲಿ ಇಡುತ್ತಿದ್ದಳು.

ತೊಂಬತ್ತೇಳನೇ ಇಸವಿಯ ಕಾರ್ತಿಕ ಕಳೆದ ಮೇಲೆ ಓಣಿಯಲ್ಲಿ ಇಟ್ಟದ್ದೆಲ್ಲ ಸೊಸೆ ಭವ್ಯಳ ವಿಷಯ. ಹೊಸಕೋಟೆ ಕಡೆಯ ಹುಡುಗಿ. ಮದುವೆಯಾಗಿ ಬಂದ ಹೊಸದರಲ್ಲಿ ಇಡೀ ಮನೆ ಕೆಲಸವನ್ನು ಸೆರಗು ಸಿಕ್ಕಿಸಿ ಮುಗಿಸಿಬಿಡುತ್ತಿದ್ದವಳು ಈಗ ಕೆಲವು ತಿಂಗಳಿಂದ ಬೇರೆಯೇ ಆಗಿದ್ದಳು.

ಒಂದು ಭಾನುವಾರ ಮಧ್ಯಾಹ್ನ ಅಪ್ಪ, ಮಗ ನೆಲದ ಮೇಲೆ ಕೂತು ತಟ್ಟೆ ಎಳೆದುಕೊಂಡಿದ್ದರು. ಮಗ ಮುನಿರಾಜ್ ಕಾರ್ಖಾನೆಯ ಕೆಲಸದವನು, ಅಂದು ರಜೆ. ಪಟಾಲಮ್ಮ ತನ್ನ ಮುದ್ದೆ ಮುರಿದಳು. ಒಳಗೆ ಹಸಿ ಹಿಟ್ಟಿನ ಗಂಟು. ಬೆರಳಲ್ಲಿ ತೆಗೆದು ತಟ್ಟೆಯ ಅಂಚಿಗಿಟ್ಟಳು. ಇನ್ನೊಂದು ಸಿಕ್ಕಿತು. ಅದನ್ನೂ ಪಕ್ಕದಲ್ಲೇ ಇಟ್ಟಳು, ಎಲ್ಲರಿಗೂ ಕಾಣುವ ಹಾಗೆ.

"ಇನ್ನೊಂದು ಸಿಕ್ಕಿದ್ರೆ ಬಿತ್ತನೆಗೆ ಇಟ್ಕೋಬೋದು," ಎಂದಳು.

ಅಡಿಗೆಮನೆಯ ಬಾಗಿಲಲ್ಲಿ ಭವ್ಯ ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು. "ಕೋಲು ತಿರುಗ್ಸಕ್ಕೆ ಆಗ್ಲಿಲ್ಲ ಅತ್ತೆ. ಕೈ ಹಿಡ್ಕೊಂಡ್ಬಿಡ್ತು."

"ಇಪ್ಪತ್ನಾಲ್ಕು ವರ್ಷದೋಳಿಗೆ ಕೈ ಹಿಡ್ಕೊಂತಂತೆ. ನಂಗೆ ಐವತ್ತಾರು. ನಂಗ್ಯಾಕೆ ಹಿಡ್ಕೊಂಡಿಲ್ಲ?"

"ಬಿಡಮ್ಮ, ಊಟ ಮಾಡು," ಎಂದ ಮುನಿರಾಜ್.

"ಮಾಡ್ತಾ ಇದೀನಿ. ನಿನ್ ಮುದ್ದೆಲೂ ಗಂಟಿತ್ತು, ನೀನು ನುಂಗ್ಬಿಟ್ಟೆ. ನಂಗೊತ್ತು."

ಮುನಿರಾಜ್ ತಟ್ಟೆ ನೋಡಿಕೊಂಡ. ನುಂಗಿದ್ದು ನಿಜ.

ಪಟಾಲಮ್ಮನ ಸಿಟ್ಟಿಗೆ ಒಂದು ಲೆಕ್ಕಾಚಾರವಿತ್ತು. ಹುಷಾರಿಲ್ಲದವಳು ಇಡೀ ದಿನ ಹುಷಾರಿಲ್ಲದೆ ಇರಬೇಕು. ಇವಳು ಬೆಳಿಗ್ಗೆ ಮಾತ್ರ ಕಲ್ಲು, ಸಂಜೆಗೆ ಹೂವು. ದೀಪ ಹಚ್ಚುವ ಹೊತ್ತಿಗೆ ಓಡಾಡಿಕೊಂಡು ಒಗ್ಗರಣೆ ಹಾಕುವವಳು ಬೆಳಗಿನ ಹೊತ್ತು ಪೊರಕೆ ಮುಟ್ಟಲಾರಳು ಎಂದರೆ ಅದಕ್ಕೆ ಕಾಯಿಲೆ ಎನ್ನುತ್ತಾರೆಯೇ? ಗಂಡ ಬೆಳಗಿನ ಶಿಫ್ಟಿಗೆ ಹೊರಡುವ ತನಕ ಹಾಗೂ ಹೀಗೂ ಎದ್ದು ನಿಂತಿರುತ್ತಾಳೆ, ಅವನು ಗೇಟು ದಾಟಿದೊಡನೆ ಕೂತುಬಿಡುತ್ತಾಳೆ. ಇದನ್ನು ಪಟಾಲಮ್ಮ ಬಾಡಿಗೆಯ ಆಂಜನಮ್ಮನಿಗೆ ಹೇಳಿದಳು, ಹಾಲಿನವನಿಗೆ ಹೇಳಿದಳು, ಕೇಳದವರಿಗೂ ಕರೆದು ಹೇಳಿದಳು.

ಅದೇ ವಾರ ಬೈಲಪ್ಪನ ಕಾಲು ಕೈಕೊಟ್ಟಿತು.

ಇಂದಿರಾನಗರದ ಬಡಾವಣೆ ಆಗುವ ಮೊದಲು ಅಲ್ಲೆಲ್ಲ ಹೊಲ ಮಾಡಿದ ಮನೆತನ ಅವನದು. ಈಗ ಬಾಡಿಗೆ ಬರುತ್ತದೆ, ಬೈಲಪ್ಪನಿಗೆ ಸಂಜೆಗೊಂದು ಬಿಯರು, ಭಾನುವಾರಕ್ಕೊಂದು ಬಾಡೂಟ. ಆ ದಿನ ಬೆಳಿಗ್ಗೆ ಎದ್ದವನು ಎದೆ ಬಿರಿಯುವ ಹಾಗೆ ಕೂಗಿದ. ಎಡಗಾಲಿನ ಹೆಬ್ಬೆರಳು ಬುಡದಲ್ಲಿ ಬದನೆಕಾಯಿಯಂತೆ ಊದಿ ಮಿರಮಿರ ಮಿಂಚುತ್ತಿತ್ತು. ಮುಟ್ಟುವುದಿರಲಿ, ಹೊದಿಕೆಯ ಅಂಚು ತಾಗಿದರೂ, ಯಾರಾದರೂ ಪಕ್ಕದಲ್ಲಿ ದಡದಡ ನಡೆದರೂ ಕಣ್ಣಲ್ಲಿ ನೀರು. ಹತ್ತು ಮೂಟೆ ರಾಗಿ ಹೊತ್ತವನು ಹಸುಗೂಸಿನಂತೆ ಅತ್ತದ್ದನ್ನು ನೋಡಿ ಪಟಾಲಮ್ಮ ಬೆಪ್ಪಾದಳು. ಒಂದು ಬೆರಳು, ಇಷ್ಟು ದೊಡ್ಡ ಗಂಡಸನ್ನು ಉರುಳಿಸಿಬಿಟ್ಟಿತ್ತು.

ಎಲ್ಲರೂ ಏನು ಮಾಡುವುದೆಂದು ನಿಂತಿದ್ದಾಗ ಭವ್ಯ ಕುಂಟುತ್ತಾ ಹೋಗಿ ಈರುಳ್ಳಿಯ ಬಿದಿರು ಬುಟ್ಟಿಯನ್ನು ಬರಿದು ಮಾಡಿ ತಂದಳು. ಅದನ್ನು ಬೋರಲು ಮಾಡಿ ಮಾವನ ಪಾದದ ಮೇಲೆ ಗುಡಾರದಂತೆ ಇಟ್ಟು, ಅದರ ಮೇಲೆ ಹೊದಿಕೆ ಎಳೆದಳು. ಬಟ್ಟೆ ತಾಗುವುದು ತಪ್ಪಿತು. ಬೈಲಪ್ಪ ಉಸಿರು ಬಿಟ್ಟ. ಈ ಉಪಾಯ ಇವಳಿಗೆ ಹೇಗೆ ಹೊಳೆಯಿತು ಎಂದು ಪಟಾಲಮ್ಮ ಆಗ ಯೋಚಿಸಲಿಲ್ಲ. ಮಲಗುವ ವಿಷಯದಲ್ಲಿ ಬುದ್ಧಿ ಚುರುಕು ಎಂದಷ್ಟೇ ಅಂದುಕೊಂಡಳು.

ಕಾಲಿಗೆ ಕಾಲೇ ಮದ್ದು ಎಂಬುದು ಪಟಾಲಮ್ಮನ ತಾಯಿಯ ಮಾತು. ರಸೆಲ್ ಮಾರುಕಟ್ಟೆಗೆ ಹೋಗಿ ಖಾದರನ ಅಂಗಡಿಯಲ್ಲಿ ಕುರಿಯ ಕಾಲು ಸುಡಿಸಿ ಕಡಿಸಿಕೊಂಡು ಬಂದಳು. ಮೆಣಸು, ಬೆಳ್ಳುಳ್ಳಿ ಜಜ್ಜಿ ಹಾಕಿ ಮೂಳೆ ಕರಗುವ ತನಕ ಬೇಯಿಸಿ, ದಿನಾ ಬೆಳಿಗ್ಗೆ ಒಂದು ಚೊಂಬು ಸೂಪು ಕುಡಿಸಿದಳು. ವಾರ ಕಳೆಯಿತು, ಊತ ಇಳಿಯಿತು, ಬೈಲಪ್ಪ ಮತ್ತೆ ಚಪ್ಪಲಿ ಮೆಟ್ಟಿದ. ಪಟಾಲಮ್ಮನ ಸೂಪಿನ ಕೀರ್ತಿ ಓಣಿ ದಾಟಿ ಬಜಾರು ಬೀದಿಗೆ ಹೋಯಿತು. ಭವ್ಯಳಿಗೂ ಅದೇ ಚೊಂಬಿನಲ್ಲಿ ಕುಡಿಸಿದ್ದಳು. ಅವಳ ಕೈ ಹಾಗೆಯೇ ಇತ್ತು. ಇಂಥ ಸೂಪಿಗೂ ಬಗ್ಗದ ನೋವು ನೋವೇ ಅಲ್ಲ ಎಂದು ಪಟಾಲಮ್ಮನಿಗೆ ಖಾತ್ರಿಯಾಯಿತು.

ಆ ಖಾತ್ರಿಯಲ್ಲೇ ಸೊಸೆಯ ಊರಿನ ಅಂಗಡಿಗೆ ಫೋನು ಮಾಡಿಸಿ ಬೀಗ ಮುನಿನಾರಾಯಣಪ್ಪನಿಗೆ ಹೇಳಿ ಕಳಿಸಿದಳು. ಶಿವರಾತ್ರಿ ಕಳೆದ ಸೋಮವಾರ ಬಂದು ಮಗಳನ್ನು ಕರೆದುಕೊಂಡು ಹೋಗಲಿ, ನೆಟ್ಟಗೆ ಕೆಲಸ ಕಲಿತ ಮೇಲೆ ನೋಡೋಣ. ಆ 'ನೋಡೋಣ' ಎಂದರೆ ಏನೆಂದು ಎರಡು ಊರಿಗೂ ಗೊತ್ತಿತ್ತು.

ಮುನಿರಾಜ್ ಅಂದು ಊಟ ಬಿಟ್ಟು ಎದ್ದ. ತನ್ನನ್ನು ಒಂದು ಮಾತು ಕೇಳಬೇಡವೇ ಎಂದು ಕೂಗಾಡಿದ. ಕೇಳಿದ್ದರೆ ಬೇಡ ಅನ್ನುತ್ತಿದ್ದೆ, ಅದಕ್ಕೇ ಕೇಳಲಿಲ್ಲ ಎಂದಳು ಅವಳು.

"ಅವ್ಳು ಹೋದ್ರೆ ವಾಪಸ್ ಬರಲ್ಲಮ್ಮ."

"ಬರೋ ಹಂಗಿದ್ರೆ ಬರ್ತಾಳೆ. ಕೈಕಾಲು ಆಡ್ಸೋ ಸೊಸೆನ ಯಾರ್ ಬೇಡ ಅಂತಾರೆ?"

ಒಳಗೆ ಭವ್ಯ ಪಾತ್ರೆ ತೊಳೆಯುತ್ತಿದ್ದಳು. ಒಂದು ಲೋಟ ನೆಲಕ್ಕೆ ಬಿದ್ದು ಠಣಠಣ ಉರುಳಿತು. ನೋಡು, ನನ್ನ ಮೇಲಿನ ಸಿಟ್ಟನ್ನು ಲೋಟದ ಮೇಲೆ ತೀರಿಸುತ್ತಾಳೆ ಎಂದಳು ಪಟಾಲಮ್ಮ.

ಶಿವರಾತ್ರಿಗೆ ಇನ್ನೂ ಎರಡು ವಾರವಿತ್ತು. ಬೈಲಪ್ಪನಿಗೆ ಮತ್ತೆ ಬಂತು. ಈ ಸಲ ಹೆಬ್ಬೆರಳಲ್ಲಿ ಶುರುವಾಗಿ ಮಂಡಿಗೂ ಹತ್ತಿತು. ಸೂಪು ಇಮ್ಮಡಿಯಾಯಿತು, ನೋವು ನಾಲ್ಮಡಿಯಾಯಿತು. ಮುನಿರಾಜ್ ರಜೆ ಹಾಕಿ, ಅಪ್ಪನನ್ನು ಆಟೋದಲ್ಲಿ ಅಡ್ಡಡ್ಡ ಮಲಗಿಸಿ ಶಿವಾಜಿನಗರಕ್ಕೆ ಕರೆದೊಯ್ದ. ಬಸ್ ನಿಲ್ದಾಣದ ಆಚೆ ಬಿಲ್ಕೀಸ್ ಎಂಬ ಡಾಕ್ಟರು ಕೀಲುನೋವು ಮಾತ್ರ ನೋಡುತ್ತಾರೆಂದು ಕಾರ್ಖಾನೆಯಲ್ಲಿ ಯಾರೋ ಹೇಳಿದ್ದರು. ಸೂಪಿನ ಚೊಂಬಿನ ಸಮೇತ ಪಟಾಲಮ್ಮನೂ ಹತ್ತಿದಳು.

ಡಾಕ್ಟರು ತಲೆ ನರೆತ, ಮೆಲುದನಿಯ ಹೆಂಗಸು. ಮಂಡಿ ಮುಟ್ಟಿ ನೋಡಿ, ಸೂಜಿ ಚುಚ್ಚಿ ಒಳಗಿನಿಂದ ಹಳದಿ ನೀರು ಎಳೆದರು. ಒಂದು ತೊಟ್ಟನ್ನು ಗಾಜಿನ ಮೇಲೆ ಬಿಟ್ಟು, ದೊಡ್ಡದು ಮಾಡಿ ತೋರಿಸುವ ಯಂತ್ರದಡಿ ಇಟ್ಟು ತಾವು ನೋಡಿ, ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡು ನಿಂತಿದ್ದ ಪಟಾಲಮ್ಮನನ್ನು ಕರೆದರು. "ಬನ್ನಿ ಅಮ್ಮಾ, ನೀವೂ ನೋಡಿ."

ಪಟಾಲಮ್ಮ ಒಂದು ಕಣ್ಣು ಮುಚ್ಚಿ ಬಗ್ಗಿದಳು. ಮೊದಲು ಕತ್ತಲು. ಆಮೇಲೆ ಕತ್ತಲಲ್ಲಿ ಬೆಳಕು. ಸೂಜಿಗಳು. ಎರಡು ತುದಿಯೂ ಚೂಪಾದ, ಬೆಳ್ಳಗೆ ಉರಿಯುವ ಸೂಜಿಗಳು, ಹೊಲದ ಬದುವಿನಲ್ಲಿ ಸೀರೆಗೆ ಅಂಟುವ ಹುಲ್ಲಿನ ಮುಳ್ಳಿನಂತೆ ಅಡ್ಡಾದಿಡ್ಡಿ ಚೆಲ್ಲಿ ಬಿದ್ದಿದ್ದವು. ಎಣಿಸಲಾಗದಷ್ಟು. ಒಂದೇ ತೊಟ್ಟಿನಲ್ಲಿ. ತಲೆ ಎತ್ತಿ ಗಂಡನ ಮಂಡಿ ನೋಡಿದಳು, ಮತ್ತೆ ಬಗ್ಗಿ ನೋಡಿದಳು. ಅವು ಅಲ್ಲೇ ಇದ್ದವು.

"ಯಾರ್ ಹಾಕ್ಸಿದ್ದು ಇದನ್ನ?" ಎಂದು ಕೇಳಿದಳು, ದನಿ ಇಳಿಸಿ. ಮೈಯೊಳಗೆ ಸೂಜಿ ಎಂದರೆ ಮಾಟವಲ್ಲದೆ ಇನ್ನೇನು.

"ಯಾರೂ ಹಾಕ್ಲಿಲ್ಲ ಅಮ್ಮಾ. ಅವರ ಮೈಯೇ ಮಾಡ್ಕೊಂಡಿದ್ದು. ಗೌಟ್ ಅಂತ ಕಾಯಿಲೆ."

ಡಾಕ್ಟರು ಬಿಡಿಸಿ ಹೇಳಿದರು. ತಿಂದದ್ದರಿಂದಲೂ ಮೈ ಸವೆದದ್ದರಿಂದಲೂ ಯೂರಿಕ್ ಆಸಿಡ್ ಎಂಬ ಕಸ ರಕ್ತಕ್ಕೆ ಸೇರುತ್ತದೆ. ಮೂತ್ರದಲ್ಲಿ ಅದು ಹೋಗಬೇಕು. ಕೆಲವರ ಮೂತ್ರಪಿಂಡ ಅದನ್ನು ಪೂರ್ತಿ ಕಳಿಸುವುದಿಲ್ಲ. ಮಿಕ್ಕದ್ದು, ಸಕ್ಕರೆ ಪಾಕ ಆರಿದಾಗ ಹರಳಾಗುವ ಹಾಗೆ, ಮೈಯ ತಣ್ಣನೆಯ ಜಾಗ ಹುಡುಕಿ ಹರಳಾಗುತ್ತದೆ. ಕಾಲಿನ ಹೆಬ್ಬೆರಳಿಗಿಂತ ತಣ್ಣಗಿನ ಕೀಲು ಇಲ್ಲ. ಮೈ ಆ ಹರಳನ್ನು ಕಂಡು ಶತ್ರು ಬಂದನೆಂದು ಮೇಲೆ ಬಿದ್ದಾಗ ಈ ಊತ, ಈ ಉರಿ.

"ಹೋದ ಸಲ ನನ್ ಸೂಪಲ್ಲಿ ವಾಸಿಯಾಯ್ತಲ್ಲ?" ಎಂದಳು ಪಟಾಲಮ್ಮ, ಚೊಂಬನ್ನು ಮುಂದಿಟ್ಟು.

ಡಾಕ್ಟರು ಮುಚ್ಚಳ ತೆಗೆದು ಮೂಸಿದರು. ವಾಸನೆ ಚೆನ್ನಾಗಿದೆ ಎಂದರು. ಸೂಪು ಕೊಡದಿದ್ದರೂ ವಾರ ಹತ್ತು ದಿನದಲ್ಲಿ ಅದು ತಾನಾಗಿ ಇಳಿಯುತ್ತದೆ, ಈ ಕಾಯಿಲೆ ಜನರಿಗೆ ಮೋಸ ಮಾಡುವುದೇ ಹಾಗೆ ಎಂದರು. ಕುರಿಯ ಕಾಲು, ಲಿವರು, ಬಿಯರು ಎಲ್ಲ ಆ ಕಸವನ್ನು ಹೆಚ್ಚಿಸುವಂಥವೇ.

ಗಂಡನನ್ನು ಮಗನ ಜೊತೆ ಮನೆಗೆ ಕಳಿಸಿದವಳೇ ಪಟಾಲಮ್ಮ ನೆಟ್ಟಗೆ ಖಾದರನ ಅಂಗಡಿಗೆ ಹೋಗಿ ಜಗಳ ತೆಗೆದಳು. ಅವನು ಚಾಕು ಮಸೆಯುತ್ತಲೇ ಹೇಳಿದ: "ನಾನು ಮಾರಿದ್ದು ಕುರಿ ಕಾಲು ಅಕ್ಕಾ. ಔಷ್ದಿ ಅಂತ ಮಾರಿದ್ದು ನೀವು." ಅವಳು ಚೊಂಬಿನ ಸೂಪನ್ನು ಅಂಗಡಿಯ ಮುಂದಿನ ಚರಂಡಿಗೆ ಸುರಿದು ಮನೆ ಕಡೆ ಹೊರಟಳು.

ಡಾಕ್ಟರು ಕೊಟ್ಟ ಸಣ್ಣ ಬಿಳಿ ಮಾತ್ರೆ ನುಂಗಿದ ಮಾರನೆಯ ದಿನವೇ ಬೈಲಪ್ಪ ಗೋಡೆ ಹಿಡಿದು ಬಚ್ಚಲಿಗೆ ನಡೆದ. ಪಟಾಲಮ್ಮ ಅಂಗೈಯಲ್ಲಿ ಒಂದು ಮಾತ್ರೆ ಇಟ್ಟುಕೊಂಡು ಬಹಳ ಹೊತ್ತು ನೋಡಿದಳು. ಸಾಸಿವೆಗಿಂತ ಸ್ವಲ್ಪ ದೊಡ್ಡದು. ಅಷ್ಟು ಸೂಜಿಗಳ ಬಾಯಿ ಕಟ್ಟಿಬಿಟ್ಟಿತ್ತು. ದೇವರ ಮುಂದೆ ಇಟ್ಟು ಕೈ ಮುಗಿದಳು.

ಅಲ್ಲಿಂದಲೇ ಅವಳ ತಲೆಗೆ ಒಂದು ಯೋಚನೆ ಬಂತು. ಒಂದೇ ಮನೆ, ಒಂದೇ ಸಾರು, ಎರಡೂ ಕೀಲು ನೋವು. ಈ ಮಾತ್ರೆ ಸುಳ್ಳು ಹೇಳುವುದಿಲ್ಲ.

ಮುನಿರಾಜ್ ಶಿಫ್ಟಿಗೆ ಹೋದ ಮೇಲೆ ಸೊಸೆಯನ್ನು ಕರೆದಳು. "ತಗೋ. ನಿನ್ ನೋವು ನಿಜ ಆಗಿದ್ರೆ ನಾಳೆಗೆ ಹೋಗ್ತದೆ. ಹೋಗ್ಲಿಲ್ಲ ಅಂದ್ರೆ ನಾಟಕ. ಆಮೇಲೆ ನಿಮ್ಮಪ್ಪನ ಜೊತೆ ಸುಮ್ನೆ ಹೊರಡ್ಬೇಕು."

ಭವ್ಯ ಅತ್ತೆಯ ಮುಖ ನೋಡಿದಳು. "ಹೋದ್ರೆ? ನೋವು ಹೋದ್ರೆ ನಾನು ಇರ್ಬೋದಾ?"

"ಹೋದ್ರೆ ಯಾಕೆ ಕಳಿಸ್ಲಿ?"

ಹುಡುಗಿ ಆಸೆಯಿಂದಲೇ ನುಂಗಿದಳು. ಲೋಟವನ್ನು ಎರಡು ಅಂಗೈ ನಡುವೆ ಒತ್ತಿ ಹಿಡಿದು, ಹಾಲು ಕುಡಿಯುವ ಮಗುವಿನ ಹಾಗೆ. ಮಧ್ಯಾಹ್ನವಾದರೂ ಬೆರಳು ಮಡಿಸಲಾಗಲಿಲ್ಲ. ಪಟಾಲಮ್ಮ ಸಿಟ್ಟಿನಲ್ಲಿ ಇನ್ನೆರಡು ಕೊಟ್ಟಳು. ಸಂಜೆಗೆ ಮತ್ತೆರಡು. ಬೆಳಗಾಗುವಷ್ಟರಲ್ಲಿ ವಾಂತಿ, ಭೇದಿ. ಭವ್ಯ ಬಚ್ಚಲ ಬಾಗಿಲಲ್ಲೇ ಕುಸಿದಿದ್ದಳು. ಮುಖ ಬಿಳಿಚಿ ಸುಣ್ಣವಾಗಿತ್ತು. ಕೈ ಮಾತ್ರ ಹಾಗೆಯೇ ಊದಿತ್ತು.

"ಏನ್ ಕೊಟ್ಟೆ?" ಎಂದು ಮುನಿರಾಜ್ ಕೇಳಿದ. ಅವಳು ಮಾತ್ರೆಯ ಪೊಟ್ಟಣ ತೋರಿಸಿದಳು. ಅವನು ಬೈಯಲಿಲ್ಲ. ಹೆಂಡತಿಯನ್ನು ಎತ್ತಿಕೊಂಡು ಹೊರಟ. ಮಗ ಬೈಯದೆ ಹೋದದ್ದೇ ಪಟಾಲಮ್ಮನಿಗೆ ಭಯ ಹುಟ್ಟಿಸಿತು. ಹಿಂದೆಯೇ ಓಡಿ ಆಟೋ ಹತ್ತಿದಳು.

ಬಿಲ್ಕೀಸ್ ಡಾಕ್ಟರ ಮೆಲುದನಿ ಅಂದು ಇರಲಿಲ್ಲ. ಈ ಮಾತ್ರೆ ಹೆಚ್ಚಾದರೆ ಜೀವವೇ ಹೋಗುತ್ತದೆ, ಒಬ್ಬರ ಮದ್ದನ್ನು ಇನ್ನೊಬ್ಬರಿಗೆ ಕೊಡಲು ಇದೇನು ಕಾಫಿಯೇ ಎಂದು ಗದರಿದರು. ಪಕ್ಕದ ನರ್ಸಿಂಗ್ ಹೋಮಿನಲ್ಲಿ ಎರಡು ದಿನ ಸಲೈನು ಹತ್ತಿಸಿದರು. ರಕ್ತ ತೆಗೆಸಿ ಪರೀಕ್ಷೆಗೆ ಕಳಿಸಿದರು. ಹುಡುಗಿ ಚೇತರಿಸಿಕೊಂಡ ಮೇಲೆ ಮಂಚದ ಪಕ್ಕ ಕೂತು ಕೈ ಹಿಡಿದು ನೋಡಿ, ಇದು ಎಷ್ಟು ದಿನದಿಂದ ಎಂದು ಕೇಳಿದರು. ಭವ್ಯ ಅತ್ತೆಯ ಕಡೆ ನೋಡಿದಳು. ಮುನಿರಾಜ್ ಬೆಳಿಗ್ಗೆ ಮನೆಯಲ್ಲಿ ಇರುವವನೇ ಅಲ್ಲ, ಅವನಿಗೂ ತಿಳಿಯದು.

"ನನ್ನ ಕೇಳಿ," ಎಂದಳು ಪಟಾಲಮ್ಮ. ಗದರಿಸಿಕೊಂಡ ಸಿಟ್ಟು ಇನ್ನೂ ಆರಿರಲಿಲ್ಲ. "ಎಂಟು ತಿಂಗಳಿಂದ ನೋಡ್ತಾ ಇರೋಳು ನಾನು. ಬೆಳಗಾದ್ರೆ ಕೈನ ಕಂಕುಳಲ್ಲಿಟ್ಕೊಂಡು ಕೂತ್ಕತಾಳೆ, ಚಳಿ ಹಿಡಿದ ಕೋಳಿ ಥರ. ನಾನು ಕಾಫಿ ಕುಡ್ದು, ಅಂಗಳ ಗುಡಿಸಿ, ಹಾಲಿನವನ ಹತ್ರ ಜಗಳ ಆಡ್ಕೊಂಡು ಬಂದ್ರೂ ಅಲ್ಲೇ ಇರ್ತಾಳೆ."

"ಇನ್ನೇನು?" ಡಾಕ್ಟರು ಬರೆದುಕೊಳ್ಳತೊಡಗಿದರು.

"ಪಾತ್ರೆ ತೊಳೆಯಕ್ಕೆ ಮಹಾರಾಣಿಗೆ ಬಿಸಿನೀರು ಬೇಕು. ಬಟ್ಟೆ ಹಿಂಡಲ್ಲ, ಹಂಗೇ ನೀರ್ ಸುರಿಯೋ ಹಂಗೆ ಒಣಗಾಕ್ತಾಳೆ. ಲೋಟ ಬೀಳಿಸ್ತಾಳೆ. ಬಳೆ ಬಿಚ್ಚಿಟ್ಟವ್ಳೆ, ಮುತ್ತೈದೆ ಅನ್ನೋದು ಬೇಡ್ವಾ?"

"ಒಂದೇ ಕೈಯಾ?"

"ಎರಡೂ. ಈ ಕೈ ಸೋಮಾರಿ ಆದ ದಿನ ಆ ಕೈನೂ ಸೋಮಾರಿ. ಕಾಲೂ ಅಷ್ಟೇ, ಮೊದಲ ಹತ್ತು ಹೆಜ್ಜೆ ಗಾಜಿನ ಮೇಲೆ ನಡೆದಂಗೆ ನಡೀತಾಳೆ. ಮಧ್ಯಾಹ್ನ ಆದ್ರೆ ಕೂತಲ್ಲೇ ತೂಕಡಿಸ್ತಾಳೆ. ಸಂಜೆಗೆ ಎಲ್ಲಾ ಸರಿ. ಅದಕ್ಕೇ ನಾನು ನಾಟಕ ಅಂದಿದ್ದು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅಮ್ಮಾ, ಇಷ್ಟು ಚೆನ್ನಾಗಿ ನೋಡಿ ಹೇಳೋರು ನನ್ನ ಹತ್ರ ಯಾರೂ ಬಂದಿಲ್ಲ."

ಪಟಾಲಮ್ಮನ ತಲೆ ಒಂದು ಗಳಿಗೆ ಎತ್ತರವಾಯಿತು.

"ನೀವು ಹೇಳಿದ್ರಲ್ಲ, ಅದರಲ್ಲಿ ಒಂದೂ ಸೋಮಾರಿತನ ಅಲ್ಲ. ಎಲ್ಲಾನೂ ಇನ್ನೊಂದು ಥರದ ಕೀಲುರೋಗದ ಗುರುತು. ಬೆಳಿಗ್ಗೆ ಬಿಗಿದು ಸಂಜೆಗೆ ಸಡಿಲ ಆಗೋದೇ ಇದರ ಸ್ವಭಾವ."

ಭವ್ಯಳ ಸೀರೆ ಸರಿಸಿದರೆ ಮಂಡಿಯೂ ಊದಿತ್ತು. ಅದು ಪಟಾಲಮ್ಮನ ಕಣ್ಣಿಗೂ ಬಿದ್ದಿರಲಿಲ್ಲ. ಅಲ್ಲಿಂದಲೂ ನೀರು ತೆಗೆದರು. ಈ ಸಲ ಪಟಾಲಮ್ಮ ತಾನೇ ಕೇಳಿ ಬಗ್ಗಿ ನೋಡಿದಳು. ಸೂಜಿ ಒಂದೂ ಇಲ್ಲ. ಬರೀ ಗುಂಡು ಗುಂಡು ಚುಕ್ಕಿಗಳು, ಸಂತೆಗೆ ನೆರೆದ ಜನದ ಹಾಗೆ, ಒಂದರ ಮೇಲೊಂದು.

"ಇವರೆಲ್ಲ ಮೈ ಕಾಯೋರು," ಎಂದರು ಡಾಕ್ಟರು. "ನಿಮ್ಮ ಯಜಮಾನರಿಗೆ ಹೊಡೆಯಕ್ಕೆ ಹರಳಾದ್ರೂ ಇತ್ತು. ಇವಳ ಕೀಲಲ್ಲಿ ಕಳ್ಳನೇ ಇಲ್ಲ. ಕಾಯೋರೇ ಮನೆಯವಳನ್ನ ಕಳ್ಳಿ ಅಂದ್ಕೊಂಡು ಹೊಡೀತಾ ಇದಾರೆ. ಹೀಗೇ ಬಿಟ್ರೆ ಕೀಲೆಲ್ಲ ತಿಂದು ಬೆರಳು ಸೊಟ್ಟ ಆಗುತ್ತೆ."

"ಬೇಲಿನೇ ಎದ್ದು ಹೊಲ ಮೇಯ್ದಂಗೆ," ಎಂದಳು ಪಟಾಲಮ್ಮ.

"ಅದೇ ಅಮ್ಮಾ. ಅದಕ್ಕಿಂತ ಚೆನ್ನಾಗಿ ಹೇಳಕ್ಕಾಗಲ್ಲ."

ಆಟೋ ಹಲಸೂರು ಕೆರೆಯ ಪಕ್ಕ ಬರುವಾಗ ಪಟಾಲಮ್ಮ ಸೊಸೆಯ ಕೈಯನ್ನು ತನ್ನ ತೊಡೆಯ ಮೇಲೆ ಮೆಲ್ಲಗೆ ಇಟ್ಟುಕೊಂಡು, ಒತ್ತದೆ, ಬರೀ ನೋಡಿದಳು. ಈ ಕೈ. ಗಂಡನ ಒಂದು ಬೆರಳಿಗೆ ಬಂದದ್ದು ಓಣಿಗೆಲ್ಲ ಕೇಳಿಸಿತ್ತು. ಇಲ್ಲಿ ಹತ್ತು ಬೆರಳಿಗೂ ಬಂದು, ಎಂಟು ತಿಂಗಳು, ಮನೆಯೊಳಗೇ ಕೇಳಿಸಲಿಲ್ಲ. ಇದೇ ಕೈಯಲ್ಲಿ ಮುದ್ದೆ ತಿರುವಿ ಎಲ್ಲರ ತಟ್ಟೆಗೆ ಹಾಕಿದ್ದಳು. ಗಂಡನ ಪಾದದ ಮೇಲಿನ ಬುಟ್ಟಿ ನೆನಪಾಯಿತು. ಬಟ್ಟೆ ತಾಗಿದರೂ ನೋಯುತ್ತದೆಂದು ಅವಳಿಗೆ ಹೇಗೆ ಗೊತ್ತಿತ್ತು ಎಂಬುದು ಈಗ ಹೊಳೆಯಿತು. ಆಕಾಶ ಬಿದ್ದರೂ ಇಷ್ಟು ಬೆರಗಾಗುತ್ತಿರಲಿಲ್ಲ.

ರಕ್ತಪರೀಕ್ಷೆ ಬಂದ ಮೇಲೆ ಹೊಸ ಮಾತ್ರೆ ಶುರುವಾಯಿತು. ಅದನ್ನು ವಾರಕ್ಕೊಂದು ದಿನ ಮಾತ್ರ ನುಂಗಬೇಕು. ಬೈಲಪ್ಪನದರಂತೆ ಒಂದು ದಿನದ ಪವಾಡವಲ್ಲ, ಪೂರ್ತಿ ಗುಣ ಕಾಣಲು ಒಂದೆರಡು ತಿಂಗಳೇ ಬೇಕು. ಅದನ್ನು ನುಂಗುತ್ತಿರುವ ತನಕ ಬಸುರಿಯಾಗಬಾರದು, ಆಮೇಲೆ ಮಾತ್ರೆ ಬದಲಿಸಿ ನೋಡೋಣ ಎಂದೂ ಡಾಕ್ಟರು ಹೇಳಿದರು. ಮೊಮ್ಮಗುವಿಗೆ ಹರಕೆ ಹೊತ್ತಿದ್ದ ಪಟಾಲಮ್ಮ ಮನೆಗೆ ಬಂದು ಹರಕೆಯ ಕಾಸಿನ ಗಂಟನ್ನು ದೇವರ ಗೂಡಿನ ಹಿಂದಕ್ಕೆ ಸರಿಸಿಟ್ಟಳು. ಮಾತ್ರೆಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ, ಗಂಡನದನ್ನು ದೇವರ ಗೂಡಿನಲ್ಲೂ ಸೊಸೆಯದನ್ನು ರಾಗಿ ಡ್ರಮ್ಮಿನ ಮೇಲೂ ಇಟ್ಟಳು.

ಈ ಗಲಾಟೆಯಲ್ಲಿ ಬೀಗನಿಗೆ ಹೇಳಿಕಳಿಸಿದ್ದು ಎಲ್ಲರಿಗೂ ಮರೆತೇಹೋಗಿತ್ತು. ಶಿವರಾತ್ರಿ ಕಳೆದ ಸೋಮವಾರ ಮುನಿನಾರಾಯಣಪ್ಪ ಬಂದೇಬಿಟ್ಟ. ಹೆಗಲ ಮೇಲೆ ಟವೆಲು, ಕೈಯಲ್ಲಿ ಅವರೆಕಾಯಿಯ ಚೀಲ. ಒಳಗೆ ಬಂದು ಕೂರಲೂ ಇಲ್ಲ. "ತಪ್ಪಾಯ್ತು ಬೀಗ್ತಿ. ಮಗ್ಳಿಗೆ ಕೆಲ್ಸ ಕಲಿಸ್ದೆ ಕೊಟ್ಬಿಟ್ವಿ. ಕರ್ಕೊಂಡ್ ಹೋಗ್ತೀನಿ," ಎಂದು ನೆಲ ನೋಡುತ್ತ ನಿಂತ.

ಪಟಾಲಮ್ಮ ಸೊಂಟಕ್ಕೆ ಕೈ ಇಟ್ಟಳು. ದನಿ ಓಣಿಯ ತುದಿಗೆ ಕೇಳುವ ಹಾಗೆ ಏರಿತು. "ಕೇಳಿ ಬೀಗ್ರೇ. ನಿಮ್ ಮಗ್ಳು ಬೆಳಗಾದ್ರೆ ಪೊರಕೆ ಹಿಡಿಯಲ್ಲ. ಬಟ್ಟೆ ಹಿಂಡಲ್ಲ. ಲೋಟ ಬೀಳಿಸ್ತಾಳೆ. ಬಿಸಿನೀರಿಲ್ದೆ ಪಾತ್ರೆ ಮುಟ್ಟಲ್ಲ."

ಮುನಿನಾರಾಯಣಪ್ಪ ಒಂದೊಂದು ಮಾತಿಗೂ ಕುಗ್ಗುತ್ತಾ ಹೋದ. ಕಣ್ಣೊರೆಸಿಕೊಂಡ.

"ಅಳ್ಬೇಡಿ. ನಾನ್ ಬೈತಾ ಇಲ್ಲ, ಹೇಳ್ತಾ ಇದೀನಿ. ಅದೆಲ್ಲಾ ಅವ್ಳ ಕಾಯಿಲೆ. ದೊಡ್ ಕಾಯಿಲೆ. ಆ ಕೈಲೇ ಎಂಟ್ ತಿಂಗಳು ನಮ್ಗೆ ಅನ್ನ ಹಾಕವ್ಳೆ. ಒಂದ್ ದಿನ ಅಮ್ಮಾ ಅಂತ ಕೂಗಿಲ್ಲ. ನಿಮ್ಮೂರಲ್ಲಿ ಯಾವ್ ಡಾಕ್ಟ್ರವ್ರೆ ಅಂತ ಕರ್ಕೊಂಡ್ ಹೋಗ್ತೀರಾ? ಕೂತ್ಕೊಳ್ಳಿ, ಊಟ ಮಾಡಿ."

ಮುನಿರಾಜ್ ಆ ಹೊತ್ತಿಗೆ ಶಿಫ್ಟು ಮುಗಿಸಿ ಬಂದವನು ಬಾಗಿಲಲ್ಲೇ ನಿಂತುಬಿಟ್ಟ. ಅಮ್ಮ ಬೈದದ್ದನ್ನು ಹಿಂದಕ್ಕೆ ತೆಗೆದುಕೊಂಡಳೋ ಇಲ್ಲವೋ ಅವನಿಗೂ ತಿಳಿಯಲಿಲ್ಲ. ಮಾತು ಅವೇ ಇದ್ದವು.

ಗಂಡಸರು ಮೂವರೂ ಕೂತರು. ಮುನಿನಾರಾಯಣಪ್ಪ ಮುದ್ದೆ ಮುರಿದ. ಒಳಗೆ ಹಸಿ ಹಿಟ್ಟಿನ ಗಂಟು, ನಿಂಬೆಹಣ್ಣಿನಷ್ಟು. ಬೀಗರ ಮನೆಯ ಊಟ, ತೆಗೆದಿಡುವ ಹಾಗಿಲ್ಲ. ಬೈಲಪ್ಪ ನುಂಗಿಬಿಡು ಎಂದು ಕಣ್ಣಲ್ಲೇ ಸನ್ನೆ ಮಾಡಿದ. ಅವನು ಒಂದು ವಾರದಿಂದ ಅದನ್ನೇ ಮಾಡುತ್ತಿದ್ದ.

"ತೆಗೆದಿಡಿ ಬೀಗ್ರೇ," ಎಂದಳು ಪಟಾಲಮ್ಮ. "ಈಗ ತಿರುವೋಳು ನಾನು. ಐವತ್ತಾರಕ್ಕೆ ತೋಳಲ್ಲಿ ಕಸುವಿಲ್ಲ. ತಟ್ಟೆ ಅಂಚಿಗೇ ಇಡಿ, ನಿಮ್ ಮಗ್ಳು ನೋಡ್ಲಿ."

ಅಡಿಗೆಮನೆಯ ಬಾಗಿಲಲ್ಲಿ ಭವ್ಯ ನಕ್ಕಳು. ಅತ್ತೆ ನೋಡಿಬಿಟ್ಟಾಳೆಂದು ಬಾಯಿಗೆ ಕೈ ಅಡ್ಡ ಹಿಡಿದಳು. ಆ ಕೈಯ ಬೆರಳುಗಳು ಇನ್ನೂ ಪೂರ್ತಿ ಮಡಚುತ್ತಿರಲಿಲ್ಲ, ಕಿರುಬೆರಳು ಮಾತ್ರ ನಿನ್ನೆಗಿಂತ ಕೊಂಚ ಒಳಕ್ಕೆ ಬಾಗಿತ್ತು.

ಪಟಾಲಮ್ಮ ಅದನ್ನು ನೋಡಿದಳು. ಸಾರಿನ ಸೌಟು ಕೈಯಲ್ಲೇ ನಿಂತಿತು. ಇದನ್ನೂ ಡಾಕ್ಟ್ರಮ್ಮನಿಗೆ ಹೇಳಬೇಕು ಎಂದುಕೊಂಡಳು.